ಗಾಲ್ಜಿ: 'ಇಲ್ಲವೇ ಇಲ್ಲ' ಅಂದವರೇ ದಾರಿ ತೋರಿಸಿದ ಕಥೆ

ಈ ವಾರ ನಾನು ಹೇಳೋಕೆ ಹೊರಟಿರೋದು ಒಂದು ಜಗಳದ ಕಥೆ. ಇಟಲಿಯ ಒಬ್ಬ ಡಾಕ್ಟರು 1898ರಲ್ಲಿ ಜೀವಕೋಶದೊಳಗೆ ಒಂದು ವಸ್ತು ಕಂಡೆ ಅಂದರು. ಅಲ್ಲಿಂದ ಐವತ್ತಕ್ಕೂ ಹೆಚ್ಚು ವರ್ಷ, ಆ ವಸ್ತು ನಿಜವಾಗಿ ಇದೆಯೋ ಇಲ್ಲವೋ ಅಂತ ವಿಜ್ಞಾನಿಗಳು ವಾದ ಮಾಡಿದರು. ಇದೆ ಅಂತ ತೀರ್ಮಾನ ಆದ ಮೇಲೆ ಇನ್ನೊಂದು ಐವತ್ತು ವರ್ಷ, ಅದರೊಳಗೆ ಸರಕು ಹೇಗೆ ಸಾಗುತ್ತೆ ಅಂತ ವಾದ ಮಾಡಿದರು. ಇದರಲ್ಲಿ ನನಗೆ ತುಂಬಾ ಇಷ್ಟವಾಗೋ ಭಾಗ ಯಾವುದು ಗೊತ್ತಾ? 'ಅದೆಲ್ಲ ಕಣ್ಣಿನ ಮೋಸ' ಅಂತ 1949ರಲ್ಲಿ ಬರೆದ ವ್ಯಕ್ತಿಯೇ, ಮುಂದೆ ಪ್ರೋಟೀನ್ ಅದರ ಮೂಲಕ ಹಾದುಹೋಗೋದನ್ನ ನಿಮಿಷದ ಲೆಕ್ಕದಲ್ಲಿ ತೋರಿಸಿಕೊಟ್ಟರು. ನೊಬೆಲ್ ಕೂಡ ಪಡೆದರು.

ಆ ವಸ್ತುವಿನ ಹೆಸರು ನಿಮಗೆ ಗೊತ್ತಿರುತ್ತೆ. ಹೈಸ್ಕೂಲಿನಲ್ಲೋ ಪಿಯುಸಿಯಲ್ಲೋ ಜೀವಕೋಶದ ಚಿತ್ರ ಬರೆದು ಭಾಗ ಗುರುತಿಸಿರ್ತೀರಲ್ಲ, ಅದರಲ್ಲಿ ನ್ಯೂಕ್ಲಿಯಸ್ ಪಕ್ಕ, ಒಂದರ ಮೇಲೊಂದು ಪೇರಿಸಿಟ್ಟ ದೋಸೆ ಥರ ನಾಲ್ಕೈದು ಗೆರೆ. ಗಾಲ್ಗಿ ಸಂಕೀರ್ಣ. ಕ್ಲಾಸಿನಲ್ಲಿ ಗಾಲ್ಗಿ ಅಂತೀವಿ, ಇಟಲಿಯವರ ಬಾಯಲ್ಲಿ ಅದು ಗಾಲ್ಜಿ. ನಾನು ಅವರ ಥರಾನೇ ಹೇಳ್ತೀನಿ, ಯಾಕೆಂದರೆ ಅದು ಒಬ್ಬ ಮನುಷ್ಯನ ಹೆಸರು. ಕ್ಯಾಮಿಲ್ಲೋ ಗಾಲ್ಜಿ.

ಕಥೆಗೆ ಮೊದಲು, ಇದು ಯಾಕೆ ಮುಖ್ಯ ಅಂತ ಎರಡು ಮಾತು. ಜೀವಕೋಶ ತಯಾರಿಸೋ ಪ್ರೋಟೀನ್‌ಗಳಲ್ಲಿ ಕೆಲವು ಒಳಗೇ ಉಳಿಯುತ್ತವೆ, ಕೆಲವು ಹೊರಗೆ ಹೋಗಬೇಕು. ಬಿರಿಯಾನಿ ವಾಸನೆಗೆ ಬಾಯಲ್ಲಿ ನೀರೂರುತ್ತಲ್ಲ, ಆ ಜೊಲ್ಲಿನಲ್ಲಿರೋ ಅಮೈಲೇಸ್. ರಕ್ತಕ್ಕೆ ಸೇರೋ ಇನ್ಸುಲಿನ್. ಸೋಂಕಿನ ಜೊತೆ ಹೋರಾಡೋ ಆ್ಯಂಟಿಬಾಡಿ. ಚರ್ಮಕ್ಕೆ, ಮೂಳೆಗೆ ಗಟ್ಟಿತನ ಕೊಡೋ ಕೊಲಾಜೆನ್. ಇವೆಲ್ಲ ಮೊದಲು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನೋ ಜಾಗಕ್ಕೆ ಬರುತ್ತವೆ. ಉದ್ದ ಹೆಸರು, ಇನ್ಮೇಲೆ ಇ.ಆರ್. ಅಂತೀನಿ. ಅಲ್ಲಿಂದ ಗಾಲ್ಜಿಗೆ ಬಂದು, ಅವುಗಳಲ್ಲಿ ಹಲವು ಸಕ್ಕರೆಯ ತುಣುಕುಗಳನ್ನ ಅಂಟಿಸಿಕೊಂಡು, ಎಲ್ಲಿಗೆ ಹೋಗಬೇಕು ಅನ್ನೋದರ ಪ್ರಕಾರ ವಿಂಗಡಣೆಯಾಗಿ ಹೊರಡುತ್ತವೆ.

ಸಕ್ಕರೆ ಅಂಟಿಸೋದು ಏನು ಮಹಾ ಅಂತ ಅನ್ನಿಸಬಹುದು. ನಿಮ್ಮ ಡ್ರೈವಿಂಗ್ ಲೈಸೆನ್ಸ್ ತೆಗೆದು ಬ್ಲಡ್ ಗ್ರೂಪ್ ನೋಡಿ. ಎ ಗುಂಪಿನವರ ಕೆಂಪು ರಕ್ತಕಣದ ಮೇಲೆ ಒಂದು ಬಗೆಯ ಸಕ್ಕರೆ, ಬಿ ಗುಂಪಿನವರಿಗೆ ಇನ್ನೊಂದು ಬಗೆ. ಒ ಗುಂಪಿನವರಲ್ಲಿ ಆ ಕೊನೆಯ ತುಣುಕನ್ನ ಅಂಟಿಸೋ ಕಿಣ್ವ ಕೆಲಸವನ್ನೇ ಮಾಡೋದಿಲ್ಲ. ಆ ಕಿಣ್ವ ಕೂತಿರೋದು ಗಾಲ್ಜಿಯೊಳಗೆ. ಯಾರ ರಕ್ತ ಯಾರಿಗೆ ಕೊಡಬಹುದು ಅನ್ನೋ ಪ್ರಶ್ನೆಯ ಬೇರು ಅಲ್ಲಿದೆ.

ಈಗ ಇಟಲಿಗೆ ಹೋಗೋಣ. ಗಾಲ್ಜಿ ಹುಟ್ಟಿದ್ದು 1843ರಲ್ಲಿ, ಕೊರ್ತೆನೋ ಅನ್ನೋ ಬೆಟ್ಟದೂರಿನಲ್ಲಿ. ಮಿಲಾನ್ ಹತ್ತಿರದ ಅಬ್ಬಿಯಾತೆಗ್ರಾಸ್ಸೋದಲ್ಲಿ ವಾಸಿಯಾಗದ ಕಾಯಿಲೆಯವರಿಗೆ ಅಂತಲೇ ಒಂದು ಆಸ್ಪತ್ರೆ ಇತ್ತು, ಅಲ್ಲಿ ಅವರಿಗೆ ಕೆಲಸ. ಸಂಶೋಧನೆಗೆ ಪ್ರಯೋಗಾಲಯ ಇಲ್ಲ. ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ಅಲ್ಲಿ ಮಿದುಳಿನ ತುಂಡುಗಳನ್ನ ಪೊಟ್ಯಾಸಿಯಮ್ ಡೈಕ್ರೋಮೇಟ್‌ನಲ್ಲಿ ಗಟ್ಟಿ ಮಾಡಿ, ಆಮೇಲೆ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿದಾಗ, ಸಾವಿರಾರು ನರಕೋಶಗಳ ನಡುವೆ ಬೆರಳೆಣಿಕೆಯಷ್ಟು ಮಾತ್ರ ಬೇರಿನಿಂದ ಕೊಂಬೆಯವರೆಗೆ ಕಪ್ಪಾಗಿ ಎದ್ದು ಕಂಡವು. 1873ರಲ್ಲಿ ಪ್ರಕಟವಾದ ಈ ವಿಧಾನಕ್ಕೆ 'ಕಪ್ಪು ಪ್ರತಿಕ್ರಿಯೆ' ಅಂತ ಹೆಸರು.

ಒಂದು ಚಿಕ್ಕ ಅಡ್ಡಮಾತು. ವೋಟ್ ಹಾಕಿದ ಮೇಲೆ ಬೆರಳಿಗೆ ಹಚ್ಚೋ ಶಾಯಿ ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಲ್ಲ, ಅದರಲ್ಲೂ ಇರೋದು ಇದೇ ಸಿಲ್ವರ್ ನೈಟ್ರೇಟ್. ಉಜ್ಜಿದರೂ ಹೋಗದ ಆ ಕಪ್ಪು ಇದೆಯಲ್ಲ, ಗಾಲ್ಜಿಯ ನರಕೋಶಗಳ ಮೇಲೆ ಕೂತಿದ್ದೂ ಬೆಳ್ಳಿಯ ಉಪ್ಪಿನದ್ದೇ ಒಂದು ಕಪ್ಪು.

ಈ ವಿಧಾನದಿಂದ ಗಾಲ್ಜಿ ಕಂಡಿದ್ದು ಒಂದು ಬಲೆ. ಮಿದುಳಿನ ನರಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡ ಒಂದೇ ದೊಡ್ಡ ಬಲೆ ಅಂತ ಅವರ ವಾದ. ಸ್ಪೇನ್‌ನ ಸಾಂತಿಯಾಗೋ ರಾಮೋನ್ ಇ ಕಹಾಲ್ ಅದೇ ಬಣ್ಣದ ವಿಧಾನ ಬಳಸಿ, ಅದನ್ನ ಇನ್ನಷ್ಟು ಸುಧಾರಿಸಿ, ಪ್ರತಿ ನರಕೋಶವೂ ಬೇರೆ ಬೇರೆ, ಬಲೆ ಗಿಲೆ ಏನಿಲ್ಲ ಅಂದರು. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಕೊಟ್ಟರು. ಗಾಲ್ಜಿ ಸ್ಟಾಕ್‌ಹೋಮ್‌ನ ವೇದಿಕೆ ಮೇಲೆ ನಿಂತು, ಪಕ್ಕದವರ ಸಿದ್ಧಾಂತ ಸರಿಯಿಲ್ಲ ಅಂತಲೇ ಭಾಷಣ ಮಾಡಿದರು. ನರಕೋಶದ ವಿಷಯದಲ್ಲಿ ಗೆದ್ದಿದ್ದು ಕಹಾಲ್.

ಇದನ್ನ ಯಾಕೆ ಹೇಳಿದೆ ಅಂದ್ರೆ, ಅದಕ್ಕೂ ಎಂಟು ವರ್ಷ ಮೊದಲು ಗಾಲ್ಜಿ ಇನ್ನೊಂದು ಬಲೆಯನ್ನ ಕಂಡಿದ್ದರು. 1898ರಲ್ಲಿ, ಪಾವಿಯಾ ವಿಶ್ವವಿದ್ಯಾಲಯದಲ್ಲಿ. ಕಣಜದ ಗೂಬೆಯ ಕಿರುಮಿದುಳಿನಲ್ಲಿರೋ ದೊಡ್ಡ ನರಕೋಶಗಳನ್ನ ನೋಡ್ತಾ ಇದ್ದಾಗ, ಕೋಶದ ಒಳಗೇ, ನ್ಯೂಕ್ಲಿಯಸ್ ಸುತ್ತ, ಜಾಲರಿ ಥರದ ಒಂದು ಕಪ್ಪು ರಚನೆ. ಅದಕ್ಕೆ 'ಒಳಗಿನ ಜಾಲ ಉಪಕರಣ' ಅನ್ನೋ ಅರ್ಥದ ಹೆಸರಿಟ್ಟರು. ಏನು ಕೆಲಸ ಮಾಡುತ್ತೆ ಅಂತ ಹೇಳೋಕೆ ಹೋಗಲಿಲ್ಲ. ಕಂಡಿದ್ದನ್ನ ಬರೆದರು, ಅಷ್ಟೇ.

ಈಗ ನೀವೇ ಯೋಚಿಸಿ. ಮಿದುಳಿನಲ್ಲಿ ಇಲ್ಲದ ಬಲೆ ಕಂಡವರು, ಕೋಶದೊಳಗೂ ಬಲೆ ಕಂಡೆ ಅಂತಾರೆ. ನಂಬ್ತೀರಾ? ಅದೂ ಬೆಳ್ಳಿ ಹಾಕಿದರೆ ಮಾತ್ರ ಕಾಣುತ್ತೆ, ಕೆಲವು ಸಲ ಕಾಣುತ್ತೆ, ಕೆಲವು ಸಲ ಇಲ್ಲ. ಆಸ್ಮಿಯಮ್ ಅನ್ನೋ ಇನ್ನೊಂದು ರಾಸಾಯನಿಕ ಬಳಸಿದವರಿಗೆ ಬೇರೆ ಆಕಾರ ಕಂಡಿತು. ಒಂದು ಪ್ರಾಣಿಯಲ್ಲಿ ಜಾಲರಿ, ಇನ್ನೊಂದರಲ್ಲಿ ಬಿಡಿ ಬಿಡಿ ಅರ್ಧಚಂದ್ರ. ಜೀವಂತ ಕೋಶವನ್ನ ಹಾಗೇ ನೋಡಿದರೆ ಏನೂ ಇಲ್ಲ. ಅನುಮಾನ ಪಟ್ಟವರನ್ನ ನಾನಂತೂ ದೂರೋದಿಲ್ಲ. ಗಾಲ್ಜಿ 1926ರಲ್ಲಿ ತೀರಿಕೊಂಡಾಗಲೂ ಈ ವಿವಾದ ಮುಗಿದಿರಲಿಲ್ಲ.

ಇಲ್ಲಿ ಜಾರ್ಜ್ ಪಲಾಡೆ ಬರ್ತಾರೆ. ರುಮೇನಿಯಾದವರು, 1946ರಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆ ಸೇರಿದವರು. ಅಲ್ಲಿ ಆಲ್ಬರ್ಟ್ ಕ್ಲಾಡ್ ಅವರ ಬಳಿ ಕೆಲಸ. 1949ರಲ್ಲಿ ಇಬ್ಬರೂ ಸೇರಿ ಗಾಲ್ಜಿ ಉಪಕರಣದ ಮೇಲೆ ಎರಡು ಪ್ರಬಂಧ ಬರೆದರು. ಸಾರಾಂಶ ಇಷ್ಟು: ಕೋಶದಲ್ಲಿರೋ ಕೊಬ್ಬಿನಂಥ ಪದಾರ್ಥ ಈ ರಾಸಾಯನಿಕಗಳು ತಾಗಿದಾಗ ಹೊರಬಂದು ಸುರುಳಿ ಸುರುಳಿಯಾಗುತ್ತೆ, ಅದನ್ನೇ ಜನ ಗಾಲ್ಜಿ ಅಂತಿದ್ದಾರೆ. ಅಂದ್ರೆ, ನೋಡೋಕೆ ಹಾಕಿದ ಬಣ್ಣವೇ ನೋಡೋ ವಸ್ತುವನ್ನ ಹುಟ್ಟಿಸಿದೆ.

ಇದಾಗಿ ಐದೇ ವರ್ಷ. 1954ರಲ್ಲಿ ಅಮೆರಿಕದ ಆಲ್ಬರ್ಟ್ ಡಾಲ್ಟನ್ ಮತ್ತು ಮೇರಿ ಫೀಲಿಕ್ಸ್, ಸ್ವೀಡನ್‌ನ ಶೋಸ್ಟ್ರಾಂಡ್ ಮತ್ತು ಹಾನ್‌ಜೋನ್, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳನ್ನ ಪ್ರಕಟಿಸಿದರು. ಕೋಶವನ್ನ ತೆಳ್ಳಗೆ ಸೀಳೋ ತಂತ್ರ ಆ ಹೊತ್ತಿಗೆ ಪಳಗಿತ್ತು. ಚಿತ್ರದಲ್ಲಿ ಚಪ್ಪಟೆ ಚೀಲಗಳು, ಒಂದರ ಮೇಲೊಂದು, ಅಂಚಿನಲ್ಲಿ ಪುಟ್ಟ ಪುಟ್ಟ ಗುಳ್ಳೆಗಳು. ಗಾಲ್ಜಿ ಇತ್ತು. ನಿಮ್ಮ ಪಠ್ಯಪುಸ್ತಕದ ದೋಸೆ ಚಿತ್ರ ಬಂದಿದ್ದು ಇಂಥ ಫೋಟೋಗಳಿಂದ.

ಪಲಾಡೆ ಏನು ಮಾಡಿದರು? ಹಟ ಹಿಡಿಯಲಿಲ್ಲ. ಆ ಚೀಲಗಳನ್ನೇ ತಮ್ಮ ಕೆಲಸದ ನಡುವೆ ತಂದುಕೊಂಡರು. ಕೋಶದೊಳಗೆ ಪ್ರೋಟೀನ್ ಯಾವ ದಾರಿಯಲ್ಲಿ ಹೊರಗೆ ಹೋಗುತ್ತೆ? ಇದು ಅವರ ಪ್ರಶ್ನೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣೋದೆಲ್ಲ ಸತ್ತ ಕೋಶದ ಸ್ಥಿರಚಿತ್ರ. ಸಂಚಾರವನ್ನ ಫೋಟೋದಲ್ಲಿ ಹಿಡಿಯೋದು ಹೇಗೆ?

ಅವರು ಮತ್ತು ಜೇಮ್ಸ್ ಜೇಮಿಸನ್ ಮಾಡಿದ ಉಪಾಯ ಕೇಳಿ. ಗಿನಿಪಿಗ್‌ನ ಮೇದೋಜ್ಜೀರಕ ಗ್ರಂಥಿಯ ತೆಳು ಹೋಳುಗಳನ್ನ ತಗೊಂಡರು. ಜೀರ್ಣಕ್ಕೆ ಬೇಕಾದ ಕಿಣ್ವಗಳನ್ನ ದಿನವಿಡೀ ತಯಾರಿಸಿ ಹೊರಗೆ ಸುರಿಯೋದೇ ಅದರ ಕಸುಬು. ಆ ಹೋಳುಗಳಿಗೆ ಬರೀ 3 ನಿಮಿಷ ವಿಕಿರಣಶೀಲ ಲ್ಯೂಸಿನ್ ಕೊಟ್ಟರು. ಲ್ಯೂಸಿನ್ ಅಂದ್ರೆ ಪ್ರೋಟೀನ್ ಕಟ್ಟೋ ಒಂದು ಇಟ್ಟಿಗೆ. ಆಮೇಲೆ ಮಾಮೂಲಿ ಲ್ಯೂಸಿನ್. ಅಂದ್ರೆ, ಆ 3 ನಿಮಿಷದಲ್ಲಿ ಹುಟ್ಟಿದ ಪ್ರೋಟೀನ್‌ಗಳ ಮೇಲೆ ಮಾತ್ರ ಗುರುತು. ಜಾತ್ರೆಯ ಗೇಟಿನಲ್ಲಿ ಮೂರು ನಿಮಿಷ ಮಾತ್ರ ಬಂದವರ ಕೈಗೆಲ್ಲ ಶಾಯಿ ಹಚ್ಚಿ, ಆಮೇಲೆ ನಿಲ್ಲಿಸಿದ ಹಾಗೆ. ಅರ್ಧ ಗಂಟೆ ಬಿಟ್ಟು ರಥದ ಹತ್ತಿರ ಎಷ್ಟು ಜನ ಶಾಯಿಯವರಿದ್ದಾರೆ, ಬಳೆ ಅಂಗಡಿ ಹತ್ತಿರ ಎಷ್ಟು ಜನ ಅಂತ ನೋಡಿದರೆ ಗುಂಪು ಸಾಗಿದ ದಾರಿ ಸಿಗುತ್ತೆ. ಹೀಗೆ ಬೇರೆ ಬೇರೆ ಹೊತ್ತಿಗೆ ಹೋಳುಗಳನ್ನ ಸ್ಥಿರಗೊಳಿಸಿ, ಫೋಟೋ ಲೇಪನ ಹಚ್ಚಿ, ವಾರಗಟ್ಟಲೆ ಕತ್ತಲೆಯಲ್ಲಿಟ್ಟರು. ವಿಕಿರಣ ಇದ್ದಲ್ಲಿ ಚಿತ್ರದ ಮೇಲೆ ಕಪ್ಪು ಕಣ ಮೂಡುತ್ತೆ. ಕೂತು ಕಣ ಎಣಿಸಬೇಕು. ಮತ್ತೆ ಬೆಳ್ಳಿ, ಮತ್ತೆ ಕಪ್ಪು.

3 ನಿಮಿಷದ ಕೊನೆಗೆ ಹೆಚ್ಚಿನ ಕಣಗಳು ಇ.ಆರ್. ಮೇಲೆ. ಇನ್ನೊಂದು 7 ನಿಮಿಷ ಕಳೆದಾಗ ಗಾಲ್ಜಿಯ ಅಂಚಿನ ಪುಟ್ಟ ಗುಳ್ಳೆಗಳ ಹತ್ತಿರ ರಾಶಿ. 37 ನಿಮಿಷಕ್ಕೆ ಗಾಲ್ಜಿ ಪಕ್ಕದಲ್ಲಿ ಸರಕು ಗಟ್ಟಿಯಾಗೋ ಕೋಶಿಕೆಗಳಲ್ಲಿ. 117 ನಿಮಿಷಕ್ಕೆ, ಹೊರಗೆ ಹೋಗೋಕೆ ಸಿದ್ಧವಾಗಿ ನಿಂತ ಕಾಳುಗಳಲ್ಲಿ. ಇದು 1967ರಲ್ಲಿ ಪ್ರಕಟವಾಯಿತು. 1974ರಲ್ಲಿ ಪಲಾಡೆ, ಕ್ಲಾಡ್, ಮತ್ತು ಬೆಲ್ಜಿಯಂನ ಕ್ರಿಶ್ಚಿಯನ್ ದ ದ್ಯೂವ್ ಮೂವರಿಗೂ ನೊಬೆಲ್. ಗಾಲ್ಜಿ ಇಲ್ಲ ಅಂತ ಬರೆದಿದ್ದ ಇಬ್ಬರೂ ಆ ಪಟ್ಟಿಯಲ್ಲಿದ್ದರು ಅನ್ನೋದನ್ನ ಗಮನಿಸಿ.

ಇಲ್ಲಿಗೆ ಮೊದಲ ಜಗಳ ಮುಗೀತು. ಎರಡನೆಯದು ಇನ್ನೂ ಸ್ವಾರಸ್ಯ.

ಪ್ರೋಟೀನ್ ಗಾಲ್ಜಿಯ ಒಂದು ಬದಿಯಿಂದ ಒಳಗೆ ಬಂದು ಇನ್ನೊಂದು ಬದಿಯಿಂದ ಹೊರಗೆ ಹೋಗುತ್ತೆ. ನಡುವಿನ ಪ್ರತಿ ಚೀಲದಲ್ಲೂ ಬೇರೆ ಬೇರೆ ಕಿಣ್ವ, ಒಂದಾದ ಮೇಲೊಂದು ಕೆಲಸ. ಸರಿ, ಆದರೆ ಒಂದು ಚೀಲದಿಂದ ಮುಂದಿನದಕ್ಕೆ ಹೋಗೋದು ಹೇಗೆ? ಎರಡು ಉತ್ತರಗಳಿದ್ದವು. ಮದುವೆ ಊಟದ ಉದಾಹರಣೆಯಲ್ಲಿ ಹೇಳ್ತೀನಿ. ಒಂದು, ಬಫೆ. ಕೌಂಟರ್‌ಗಳು ಇದ್ದಲ್ಲೇ ಇರುತ್ತವೆ, ನೀವು ತಟ್ಟೆ ಹಿಡಿದು ಒಂದರಿಂದ ಇನ್ನೊಂದಕ್ಕೆ ಹೋಗ್ತೀರಿ. ಅಂದ್ರೆ ಗಾಲ್ಜಿಯ ಚೀಲಗಳು ಸ್ಥಿರ, ಪ್ರೋಟೀನ್ ಪುಟ್ಟ ಗುಳ್ಳೆಯಲ್ಲಿ ಕೂತು ಚೀಲದಿಂದ ಚೀಲಕ್ಕೆ ಹೋಗುತ್ತೆ. ಇನ್ನೊಂದು, ಪಂಕ್ತಿ. ನೀವು ಎಲೆ ಮುಂದೆ ಕೂತಲ್ಲೇ ಕೂತಿರ್ತೀರಿ. ಕೋಸಂಬರಿಯವರು ಬಂದು ಹೋಗ್ತಾರೆ, ಹುಳಿಯವರು ಬರ್ತಾರೆ, ಮಜ್ಜಿಗೆಯವರು ಬರ್ತಾರೆ. ಅಂದ್ರೆ ಪ್ರೋಟೀನ್ ಒಂದೇ ಚೀಲದಲ್ಲಿ ಕೂತಿರುತ್ತೆ, ಕಿಣ್ವಗಳು ಬಂದು ಹೋಗುತ್ತವೆ, ಚೀಲವೇ ಬಲಿತು ಬದಲಾಗ್ತಾ ಮುಂದೆ ಸರಿಯುತ್ತೆ.

1970ರ ಆಸುಪಾಸಿನಲ್ಲಿ ಪಂಕ್ತಿಯ ಪರ ಒಳ್ಳೆ ಸಾಕ್ಷಿ ಇತ್ತು. ಕೆಲವು ಪಾಚಿಗಳು ಮೈಮೇಲೆ ಹೊದ್ದುಕೊಳ್ಳೋ ಚಿಪ್ಪುಗಳನ್ನ ಗಾಲ್ಜಿಯೊಳಗೇ ಕಟ್ಟುತ್ತವೆ. ಆ ಚಿಪ್ಪು ಗುಳ್ಳೆಗಿಂತ ಎಷ್ಟೋ ದೊಡ್ಡದು. ಗುಳ್ಳೆಯಲ್ಲಿ ಹಿಡಿಸೋದೇ ಇಲ್ಲ. ಹಾಗಾದರೆ ಚೀಲವೇ ಸಾಗಬೇಕು ತಾನೆ? ಪಾಚಿಯ ಕಥೆ ಪಾಚಿಗೆ, ನಮ್ಮ ಕೋಶ ಬೇರೆ ಅಂದುಬಿಟ್ಟರು ಹೆಚ್ಚಿನವರು. ಇದು ನನಗೆ ಸ್ವಲ್ಪ ಅನ್ಯಾಯ ಅನ್ನಿಸುತ್ತೆ, ಆದರೆ ಯಾಕೆ ಹಾಗಾಯಿತು ಅಂತಲೂ ಅರ್ಥವಾಗುತ್ತೆ. ಯಾಕೆಂದರೆ ಆಗ ಬಫೆಯ ಕಡೆ ಅಷ್ಟು ಜೋರಾದ ಪ್ರಯೋಗಗಳು ಬಂದವು.

ಜೇಮ್ಸ್ ರೋಥ್‌ಮನ್ ಅಮೆರಿಕದಲ್ಲಿ ಕೋಶವನ್ನೇ ಒಡೆದು, ಗಾಲ್ಜಿಯನ್ನ ಹೊರತೆಗೆದು, ಪ್ರನಾಳದಲ್ಲಿ ಕೆಲಸ ಮಾಡಿಸಿದರು. ಒಂದು ಗುಂಪಿನ ಗಾಲ್ಜಿಯಲ್ಲಿ ವೈರಸ್‌ನ ಪ್ರೋಟೀನ್ ಇದೆ, ಆದರೆ ಸಕ್ಕರೆ ಅಂಟಿಸೋ ಒಂದು ಕಿಣ್ವ ಇಲ್ಲ. ಇನ್ನೊಂದು ಗುಂಪಿನಲ್ಲಿ ಕಿಣ್ವ ಇದೆ, ವೈರಸ್ ಪ್ರೋಟೀನ್ ಇಲ್ಲ. ಎರಡನ್ನೂ ಕೋಶರಸ, ಶಕ್ತಿಗೆ ಎಟಿಪಿ ಹಾಕಿ ಬೆರೆಸಿದಾಗ, ವೈರಸ್ ಪ್ರೋಟೀನ್‌ಗೆ ಆ ಸಕ್ಕರೆ ಅಂಟಿಕೊಂಡಿತು! ಅಂದ್ರೆ ಪ್ರೋಟೀನ್ ಗುಳ್ಳೆಯಲ್ಲಿ ಕೂತು ಒಂದು ಗಾಲ್ಜಿಯಿಂದ ಇನ್ನೊಂದಕ್ಕೆ ಹೋಯಿತು ಅಂತ ಎಲ್ಲರೂ ಓದಿಕೊಂಡರು. 1984ರ ಹೊತ್ತಿಗೆ ಈ ಪ್ರಯೋಗ ಪೂರ್ತಿ ರೂಪ ಪಡೆದಿತ್ತು. ಇದನ್ನೇ ಹಿಡಿದು ಗುಳ್ಳೆ ಬೆಸೆಯೋಕೆ ಬೇಕಾದ ಪ್ರೋಟೀನ್‌ಗಳನ್ನ ಒಂದೊಂದಾಗಿ ಹೆಕ್ಕಿ ತೆಗೆದರು.

ಇದೇ ಹೊತ್ತಿಗೆ ಬರ್ಕ್ಲಿಯಲ್ಲಿ ರ‍್ಯಾಂಡಿ ಶೆಕ್‌ಮನ್ ಬೇರೆ ದಾರಿ ಹಿಡಿದಿದ್ದರು. ಬೇಕರಿಯ ಯೀಸ್ಟ್. ಬಿಸಿ 37 ಡಿಗ್ರಿಗೆ ಏರಿಸಿದರೆ ಪ್ರೋಟೀನ್ ಸಾಗಣೆ ನಿಂತುಹೋಗೋ ರೂಪಾಂತರಿಗಳನ್ನ ಅವರ ತಂಡ ಹುಡುಕಿತು. ಸರಕು ಒಳಗೇ ಜಮಾ ಆಗಿ ಕೋಶ ಭಾರವಾಗುತ್ತೆ, ಹಾಗಾಗಿ ತೂಕದ ಮೇಲೆ ಅವುಗಳನ್ನ ಬೇರ್ಪಡಿಸಬಹುದು. ಚೊಕ್ಕ ಉಪಾಯ. 1980ರಲ್ಲಿ ಇಂಥ 23 ಜೀನ್‌ಗಳ ಪಟ್ಟಿ ಪ್ರಕಟವಾಯಿತು. ಅದರಲ್ಲಿ ಏಳನೆಯದಕ್ಕೆ ಸೆಕ್7 ಅಂತ ಹೆಸರು. ನೆನಪಿಟ್ಟುಕೊಳ್ಳಿ, ಇದು ಮತ್ತೆ ಬರುತ್ತೆ. ಇಪ್ಪತ್ತಮೂರನೆಯದು ಸೆಕ್23. ಮನುಷ್ಯರಲ್ಲಿ ಇದರದ್ದೇ ಒಂದು ರೂಪ ಕೆಟ್ಟರೆ ಕೊಲಾಜೆನ್ ಸರಿಯಾಗಿ ಹೊರಬರಲ್ಲ, ಮಗುವಿನ ನೆತ್ತಿ ಕೂಡೋದು ತುಂಬಾ ತಡವಾಗುತ್ತೆ ಅಂತ 2006ರಲ್ಲಿ ಗೊತ್ತಾಯಿತು. ಯೀಸ್ಟ್ ಹುಡುಕಾಟ ಮಗುವಿನ ತಲೆಬುರುಡೆಗೆ ಬಂದು ಮುಟ್ಟಿತು.

ಹೀಗೆ ಬಫೆ ಗೆದ್ದಂತೆಯೇ ಇತ್ತು. ಆಮೇಲೆ 1998ರಲ್ಲಿ, ಮತ್ತೆ ಇಟಲಿಯಿಂದ, ಆಲ್ಬರ್ಟೋ ಲುಯಿನಿ ಅವರ ತಂಡ ಹಳೇ ಪ್ರಶ್ನೆಯನ್ನ ಎತ್ತಿತು. ಕೊಲಾಜೆನ್ ಆಗೋ ಮೊದಲು ಪ್ರೊಕೊಲಾಜೆನ್ ಅನ್ನೋ ಬಿಗಿಯಾದ ಕಡ್ಡಿ ಇರುತ್ತೆ, ಉದ್ದ ಸುಮಾರು 300 ನ್ಯಾನೋಮೀಟರ್. ಗಾಲ್ಜಿಯ ಗುಳ್ಳೆಗಳ ಅಗಲ 100 ನ್ಯಾನೋಮೀಟರ್ ಕೂಡ ಇಲ್ಲ. ಆಟೋದಲ್ಲಿ ಏಣಿ ಹಾಕಿಕೊಂಡು ಹೋಗೋಕಾಗುತ್ತಾ? ಇವರು ಮೊದಲು ಪ್ರೊಕೊಲಾಜೆನ್‌ನ ಇ.ಆರ್.ನಲ್ಲೇ ತಡೆದು ನಿಲ್ಲಿಸಿ, ಆಮೇಲೆ ಒಟ್ಟಿಗೆ ಬಿಟ್ಟು ಹಿಂಬಾಲಿಸಿದರು. ಕಡ್ಡಿಗಳು ಚೀಲ ಬಿಟ್ಟು ಇಳಿಯಲೇ ಇಲ್ಲ. ಚೀಲದೊಳಗೇ ಗಾಲ್ಜಿಯನ್ನ ದಾಟಿದವು. ಪಾಚಿಯ ಚಿಪ್ಪು ಹೇಳಿದ್ದನ್ನೇ ಪ್ರಾಣಿಯ ಕೋಶವೂ ಹೇಳಿತು.

ಹಾಗಾದರೆ ಇ.ಆರ್.ನಿಂದ ಈ ಕಡ್ಡಿ ಹೊರಬೀಳೋದು ಹೇಗೆ ಅನ್ನೋ ಪ್ರಶ್ನೆ ಉಳಿಯಿತು. ರೋಥ್‌ಮನ್ ಪ್ರಯೋಗಾಲಯದಲ್ಲೇ ಪಳಗಿದ ಭಾರತ ಮೂಲದ ವಿವೇಕ್ ಮಲ್ಹೋತ್ರಾ ಅವರ ತಂಡ 2009ರಲ್ಲಿ ಟ್ಯಾಂಗೋ1 ಅನ್ನೋ ಪ್ರೋಟೀನ್ ಕೊಲಾಜೆನ್‌ಗೆ ಅಲ್ಲಿ ದಾರಿ ಮಾಡಿಕೊಡುತ್ತೆ ಅಂತ ತೋರಿಸಿತು. ಅದೇ ಒಂದು ಕಂತಿನಷ್ಟು ದೊಡ್ಡ ಕಥೆ, ಇವತ್ತು ಬೇಡ.

ಇನ್ನು ರೋಥ್‌ಮನ್ ಪ್ರಯೋಗ? ಅದು ತಪ್ಪಾ? ತಪ್ಪಲ್ಲ. ಆದರೆ ಅದನ್ನ ತಿರುಗಿಸಿಯೂ ಓದಬಹುದಿತ್ತು. ಪ್ರೋಟೀನ್ ಕಿಣ್ವದ ಹತ್ತಿರ ಹೋಯಿತೋ, ಕಿಣ್ವವೇ ಗುಳ್ಳೆಯಲ್ಲಿ ಕೂತು ಪ್ರೋಟೀನ್ ಹತ್ತಿರ ಬಂತೋ? ಊಟ ಆಗಿದೆ ಅನ್ನೋದಷ್ಟೇ ಗೊತ್ತು. ನೀವು ಕೌಂಟರ್‌ಗೆ ಹೋಗಿ ಹಾಕಿಸಿಕೊಂಡಿರೋ, ಬಡಿಸೋರು ನಿಮ್ಮ ಎಲೆಗೆ ಬಂದರೋ ಅನ್ನೋದನ್ನ ಖಾಲಿ ಎಲೆ ಹೇಳಲ್ಲ. ಗುಳ್ಳೆ ನಿಜ, ಬೆಸೆಯೋ ಯಂತ್ರ ನಿಜ. ಗುಳ್ಳೆಯಲ್ಲಿ ಯಾರು ಕೂತಿದ್ದಾರೆ, ಯಾವ ಕಡೆ ಹೋಗ್ತಿದ್ದಾರೆ ಅನ್ನೋದರ ಮೇಲಷ್ಟೇ ತಕರಾರು. ಆ ಯಂತ್ರದ ಕೆಲಸಕ್ಕೇ 2013ರಲ್ಲಿ ರೋಥ್‌ಮನ್, ಶೆಕ್‌ಮನ್, ಥಾಮಸ್ ಸುಡಾಫ್ ಅವರಿಗೆ ನೊಬೆಲ್ ಬಂತು, ಸರಿಯಾಗಿಯೇ ಬಂತು.

ಕೊನೆಗೆ ತಕರಾರು ಬಗೆಹರಿಸೋಕೆ ಬೇಕಾಗಿದ್ದು ಒಂದೇ: ಜೀವಂತ ಕೋಶದಲ್ಲಿ ಒಂದು ಚೀಲದ ಮೇಲೆ ಕಣ್ಣಿಟ್ಟು ಕೂರೋದು. ನಮ್ಮ ಕೋಶಗಳಲ್ಲಿ ಅದು ಕಷ್ಟ, ಚೀಲಗಳು ಅಂಟಿಕೊಂಡಂತೆ ಪೇರಿಸಿರುತ್ತವೆ. ಆದರೆ ಬೇಕರಿ ಯೀಸ್ಟ್‌ನಲ್ಲಿ ಗಾಲ್ಜಿ ಚೀಲಗಳು ಪೇರಿಸಿಕೊಂಡಿಲ್ಲ, ಕೋಶದ ತುಂಬಾ ಚೆದುರಿಕೊಂಡಿವೆ. ಪಠ್ಯಪುಸ್ತಕದ ಚಿತ್ರಕ್ಕೆ ಒಪ್ಪದ ಈ ಯೀಸ್ಟೇ ಕೈಹಿಡಿಯಿತು. ಷಿಕಾಗೋದ ಬೆಂಜಮಿನ್ ಗ್ಲಿಕ್ ತಂಡ ಮೊದಲ ಹಂತದ ಒಂದು ಗಾಲ್ಜಿ ಪ್ರೋಟೀನ್‌ಗೆ ಹಸಿರು ಹೊಳಪು ಜೋಡಿಸಿತು, ಕೊನೆ ಹಂತದ್ದಕ್ಕೆ ಕೆಂಪು. ಆ ಕೆಂಪು ಜೋಡಿಸಿದ್ದು ಯಾವುದಕ್ಕೆ ಗೊತ್ತಾ? ಸೆಕ್7.

ಬಫೆ ನಿಜವಾಗಿದ್ದರೆ ಹಸಿರು ಚುಕ್ಕೆ ಹಸಿರಾಗೇ ಇರಬೇಕು, ಕೆಂಪು ಕೆಂಪಾಗೇ. ಕೌಂಟರ್ ಬದಲಾಗಲ್ಲವಲ್ಲ. ಸೂಕ್ಷ್ಮದರ್ಶಕದಡಿ ಒಂದೇ ಚುಕ್ಕೆಯನ್ನ ಹಿಂಬಾಲಿಸಿದರು. ಕೆಲವೇ ನಿಮಿಷಗಳಲ್ಲಿ ಹಸಿರು ಮಸುಕಾಯಿತು, ಅದೇ ಚುಕ್ಕೆ ಕೆಂಪಾಯಿತು. ಜಪಾನ್‌ನಲ್ಲಿ ಅಕಿಹಿಕೋ ನಕಾನೋ ಅವರ ತಂಡ ತಮ್ಮದೇ ವೇಗದ ಸೂಕ್ಷ್ಮದರ್ಶಕದಲ್ಲಿ ಇದನ್ನೇ ಕಂಡಿತು. ಎರಡೂ ಪ್ರಬಂಧ 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಜೊತೆಯಾಗಿ ಬಂದವು. ಯೀಸ್ಟ್‌ನಲ್ಲಿ ಚೀಲ ಬಲಿಯುತ್ತೆ ಅನ್ನೋದಕ್ಕೆ ಇನ್ನು ವಾದ ಬೇಕಿರಲಿಲ್ಲ.

ಯೀಸ್ಟ್ ಅಂದಾಗ ನಮ್ಮೂರಿನದೂ ಒಂದು ಮಾತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ತಯಾರಾಗಿದ್ದು ಪಿಚಿಯಾ ಅನ್ನೋ ಇನ್ನೊಂದು ಬಗೆಯ ಯೀಸ್ಟ್‌ನಲ್ಲಿ. ಯೀಸ್ಟ್ ಇನ್ಸುಲಿನ್‌ನ ಕಚ್ಚಾ ರೂಪವನ್ನ ತಯಾರಿಸಿ, ಇ.ಆರ್., ಗಾಲ್ಜಿ ದಾಟಿಸಿ ಹೊರಗಿನ ದ್ರವಕ್ಕೆ ಬಿಡುತ್ತೆ, ಅದನ್ನ ಸೋಸಿ ಶುದ್ಧ ಮಾಡ್ತಾರೆ. ಪಲಾಡೆ ಗಿನಿಪಿಗ್‌ನಲ್ಲಿ ಗುರುತಿಸಿದ ಅದೇ ದಾರಿ. ಸಕ್ಕರೆ ಕಾಯಿಲೆ ಇರೋ ಎಷ್ಟೋ ಮನೆಗಳ ಫ್ರಿಜ್ಜಿನ ಬಾಗಿಲಲ್ಲಿ ನಿಂತಿರೋ ಬಾಟಲಿ ಹಿಂದೆ ಈ ಪಯಣ ಇದೆ. ಅಂದಹಾಗೆ, ಪಿಚಿಯಾದಲ್ಲಿ ಗಾಲ್ಜಿ ಚೆದುರಿಕೊಂಡಿಲ್ಲ, ನಮ್ಮದರ ಥರ ನೀಟಾಗಿ ಪೇರಿಸಿಕೊಂಡಿದೆ.

ನಮ್ಮ ಕೋಶದಲ್ಲಿ ಏನಾಗ್ತಿದೆ ಅನ್ನೋದು ಮಾತ್ರ ಇನ್ನೂ ಪೂರ್ತಿ ಮುಗಿದಿಲ್ಲ. 2008ರಲ್ಲಿ ಅಮೆರಿಕದ ಜೆನ್ನಿಫರ್ ಲಿಪಿನ್‌ಕಾಟ್-ಶ್ವಾರ್ಟ್ಜ್ ಅವರ ತಂಡ ಸಸ್ತನಿಗಳ ಕೋಶದಲ್ಲಿ ಸರಕು ಗಾಲ್ಜಿಯಿಂದ ಹೊರಡೋ ವೇಗ ಅಳೆದು ನೋಡಿತು. ಪಂಕ್ತಿ ಆಗಿದ್ದರೆ ಮೊದಲು ಸ್ವಲ್ಪ ಹೊತ್ತು ಯಾರೂ ಏಳಬಾರದು, ಆಮೇಲೆ ಎಲ್ಲರೂ ಒಟ್ಟಿಗೆ ಏಳಬೇಕು. ಇಲ್ಲಿ ಹಾಗಾಗಲಿಲ್ಲ. ಮೊದಲ ಕ್ಷಣದಿಂದಲೇ ಒಬ್ಬೊಬ್ಬರಾಗಿ ಎದ್ದು ಹೋಗ್ತಾ ಇದ್ದರು. ದೊಡ್ಡ ಸರಕು ಚೀಲದ ಜೊತೆ, ಚಿಕ್ಕದು ಬೇರೆ ಯಾವುದೋ ದಾರಿಯಲ್ಲಿ ಹೋಗುತ್ತಾ? ಚೀಲಗಳ ನಡುವೆ ಕೊಳವೆ ಇದೆಯಾ? ಒಬ್ಬೊಬ್ಬರದು ಒಂದೊಂದು ಮಾದರಿ, ಒಂದೊಂದಕ್ಕೂ ಅದರದೇ ಸಾಕ್ಷಿ. ಮಾತಿನ ನಡುವೆ ನೀವು ನುಂಗಿದ ಜೊಲ್ಲಿನಲ್ಲಿದ್ದ ಅಮೈಲೇಸ್ ಇವುಗಳಲ್ಲಿ ಯಾವ ದಾರಿ ಹಿಡಿದು ಬಂತು ಅನ್ನೋದನ್ನ ಪಾವಿಯಾದ ಆ ಗೂಬೆಯ ಕಾಲದಿಂದ ಇವತ್ತಿನವರೆಗೂ ನೋಡ್ತಾನೇ ಇದ್ದಾರೆ.